ಬೊಮ್ಮ (ಹೆಸರು)

ಬೊಮ್ಮ ಎಂಬುದು ಕನ್ನಡ ಮತ್ತು ತುಳು ಪ್ರದೇಶಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ಪುರುಷನಾಮ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯೆಹೂದಿ ವರ್ತಕನೊಬ್ಬನ ಸೇವಕನಿಗೆ ಈ ಹೆಸರಿತ್ತೆಂದು ಗುರುತಿಸಲಾಗಿದೆ.

ಅರ್ಥ ಮತ್ತು ವ್ಯುತ್ಪತ್ತಿ

ಕನ್ನಡದಲ್ಲಿ ‘ಬೊಮ್ಮ’ ಎಂಬುದು ಸಂಸ್ಕೃತದ ‘ಬ್ರಹ್ಮ’ ಶಬ್ದದ ತದ್ಭವ. ಪದಾದಿಯ ರಕಾರ ಲೋಪವಾಗಿ, ‘ಹ್ಮ’ ಎಂಬ ಒತ್ತಕ್ಷರವು ‘ಮ್ಮ’ ಎಂಬ ದ್ವಿತ್ವವಾಗಿದೆ, ಅಕಾರವು ಒಕಾರವಾಗಿದೆ. ತೆಲುಗಿನಲ್ಲಿ ಗೊಂಬೆ ಎಂಬ ಅರ್ಥವುಳ್ಳ ‘ಬೊಮ್ಮ’ ಬೇರೆಯೇ ಪದ. ಬೊಮ್ಮಣ್ಣ, ಬೊಮ್ಮಯ್ಯ, ಬೊಮ್ಮರಸ ಮೊದಲಾದವು ಇದೇ ಹೆಸರಿನಿಂದ ಬೆಳೆದ ರೂಪಗಳು. 12ನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರು ಪ್ರಸಿದ್ಧವಾಗಿದೆ.

ತುಳುನಾಡಿನ ಹಿನ್ನೆಲೆ

ತುಳುನಾಡಿನ ದೈವಾರಾಧನೆಯಲ್ಲಿ ಬೆರ್ಮೆರ್ ಎಂಬ ದೈವಕ್ಕೆ ಹಿರಿಯ ಸ್ಥಾನವಿದೆ. ಕೋಟಿ ಚೆನ್ನಯರ ಗರಡಿಗಳಲ್ಲಿಯೂ ಬೆರ್ಮೆರಿಗೆ ಪ್ರತ್ಯೇಕ ಗುಡಿ ಅಥವಾ ಪೀಠವಿರುತ್ತದೆ. ಕುದುರೆಯನ್ನೇರಿ ಖಡ್ಗ ಹಿಡಿದ ವೀರನಂತೆ ಈ ದೈವವನ್ನು ಚಿತ್ರಿಸುವುದು ವಾಡಿಕೆ. ಪುರಾಣದ ಚತುರ್ಮುಖ ಬ್ರಹ್ಮನ ರೂಪಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಕಾಲಕ್ರಮದಲ್ಲಿ ಬೆರ್ಮೆರನ್ನು ಬ್ರಹ್ಮನೊಂದಿಗೆ ಸಮೀಕರಿಸಲಾಯಿತು. ಆದುದರಿಂದ ತುಳುನಾಡಿನಲ್ಲಿ ಬೊಮ್ಮ ಎಂಬ ಹೆಸರಿಗೆ ಸಂಸ್ಕೃತ ಮೂಲದ ಜೊತೆಗೆ ಸ್ಥಳೀಯ ಆರಾಧನೆಯ ಹಿನ್ನೆಲೆಯೂ ಇದೆ.

ಮಂಗಳೂರಿನ ಬೊಮ್ಮ

ಟುನೀಸಿಯದ ಮಹ್ದಿಯಾ ಪಟ್ಟಣದ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಮಲಬಾರ್ ಕರಾವಳಿಯಲ್ಲಿ, ಮುಖ್ಯವಾಗಿ ಮಂಗಳೂರಿನಲ್ಲಿ ವಾಸವಾಗಿದ್ದನು. ಅವನ ಪರವಾಗಿ ವ್ಯಾಪಾರಕಾರ್ಯಕ್ಕೆ ಏಡನ್ ಬಂದರಿಗೆ ಹೋಗಿಬರುತ್ತಿದ್ದ ಸೇವಕನೊಬ್ಬನ ಉಲ್ಲೇಖ ಅವನ ಪತ್ರವ್ಯವಹಾರದಲ್ಲಿ ದೊರೆಯುತ್ತದೆ. ಈ ಸೇವಕನನ್ನು ಗುಲಾಮನೆಂದು ಕರೆಯಲಾಗಿದ್ದರೂ ಅವನು ಸರಕು ಮತ್ತು ಹಣವನ್ನು ನಿರ್ವಹಿಸುವ ಪ್ರತಿನಿಧಿಯಾಗಿದ್ದನು. ಏಡನ್ನಿನ ವರ್ತಕರು ಬೆನ್ ಯಿಜುವಿಗೆ ಬರೆದ ಪತ್ರಗಳಲ್ಲಿ ಅವನಿಗೂ ವಂದನೆಗಳನ್ನು ಕಳುಹಿಸಿದ್ದಾರೆ. ಈ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ ಎಂಬ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದುಬಂದವು.

ಹೆಸರಿನ ಗುರುತಿಸುವಿಕೆ

ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಈ ಲಿಪಿಯಲ್ಲಿ ಹ್ರಸ್ವಸ್ವರಗಳನ್ನೂ ದ್ವಿತ್ವವನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲ. ಸೇವಕನ ಹೆಸರು ಮೂರೇ ಅಕ್ಷರಗಳಲ್ಲಿದೆ. ಗೆನಿಜಾ ವಿದ್ವಾಂಸ ಎಸ್. ಡಿ. ಗೊಯ್ಟೈನ್ ಇದನ್ನು ‘ಬಾಮ’ ಎಂದು ಓದಿ, ಬ್ರಹ್ಮ ಶಬ್ದದ ರೂಪವೆಂದು ಭಾವಿಸಿದ್ದರು. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಜಾನಪದ ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವು ಪಡೆದು, ಅದು ‘ಬೊಮ್ಮ’ ಆಗಿರಬೇಕೆಂಬ ನಿರ್ಧಾರಕ್ಕೆ ಬಂದರು. ಘೋಷ್ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ (1992) ಕೃತಿಯಲ್ಲಿ ಇದರ ವಿವರವಿದೆ.

ಮಹತ್ವ

ಆ ಕಾಲದ ಶಾಸನಗಳು ಹೆಚ್ಚಾಗಿ ಅರಸರನ್ನೂ ದಾನಿಗಳನ್ನೂ ಹೆಸರಿಸುತ್ತವೆ. ಸೇವಕವರ್ಗದ ವ್ಯಕ್ತಿಯೊಬ್ಬನ ಹೆಸರು ಹೀಗೆ ಉಳಿದಿರುವುದು ವಿರಳ. ಬೊಮ್ಮನ ಊರು, ಕುಲಗಳನ್ನು ಪತ್ರಗಳು ತಿಳಿಸುವುದಿಲ್ಲ. ಅವನು ತುಳುನಾಡಿನವನೆಂಬ ಊಹೆಗೆ ಅವನ ಹೆಸರೇ ಮುಖ್ಯ ಆಧಾರ.

ಇಂದಿನ ಬಳಕೆ

ಇಂದು ಬೊಮ್ಮ ಎಂಬ ಹೆಸರನ್ನು ಮಕ್ಕಳಿಗೆ ಇಡುವುದು ಅಪರೂಪ. ಬೊಮ್ಮಯ್ಯ, ಬೊಮ್ಮೇಗೌಡ ಮೊದಲಾದ ವ್ಯಕ್ತಿನಾಮಗಳಲ್ಲಿಯೂ ಬೊಮ್ಮನಹಳ್ಳಿ, ಬೊಮ್ಮಸಂದ್ರ ಮೊದಲಾದ ಸ್ಥಳನಾಮಗಳಲ್ಲಿಯೂ ಈ ಪದ ಉಳಿದಿದೆ.