ಮೇಜಿನ ನಡುವೆ ಹೂವಿಡುವ ಮುನ್ನ



ಕಳೆದ ವಾರ ತೀರ್ಥಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಮುಂದಿನ ವೈಶಾಖದಲ್ಲಿ ಅವಳ ಮಗಳ ಮದುವೆ, ಸಾಗರದಲ್ಲಿ. ಮುಹೂರ್ತದ ದಿನ ಎಂದಿನಂತೆ ಬಾಳೆಲೆಯ ಊಟ. ಮರುದಿನ ಸಂಜೆಯ ಆರತಕ್ಷತೆಗೆ ಮಾತ್ರ 50 ದುಂಡು ಮೇಜುಗಳು. ಪ್ರತಿಯೊಂದು ಮೇಜಿನ ನಡುವೆಯೂ ಹೂವಿನ ಅಲಂಕಾರ ಆಗಬೇಕೆಂದು ಮಕ್ಕಳ ಆಸೆ.

"ಮೇಷ್ಟ್ರೇ, ಅಲಂಕಾರದವರು ತೋರಿಸಿದ್ದೆಲ್ಲ ಪೇಟೆ ಹೂವು. ನಮಗೆ ಮಲೆನಾಡಿನದ್ದೇ ಆಗಬೇಕು. ಮೇಜಿಗೆ ನಾಲ್ಕರಂತೆ ಸೀತಾಳೆ ದಂಡೆ ಇಡೋಣ ಅಂತಿದ್ದೇವೆ. ಎಲ್ಲಿ ಸಿಕ್ಕೀತು ಹೇಳಿ" ಎಂದಳು.

"ಎರಡು ದಿನ ಬಿಟ್ಟು ಹೇಳುತ್ತೇನೆ" ಎಂದು ಫೋನು ಕೆಳಗಿಟ್ಟೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ, ಹೇಳುವ ಬಗೆ ತೋಚಲಿಲ್ಲ. ಆ ಎರಡು ದಿನ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಾಲ್ಯದ ಮದುವೆಗಳಲ್ಲಿ ಊಟದ ನಡುವೆ ಹೂವಿಡುವ ಜಾಗವೇ ಇರಲಿಲ್ಲ. ನೆಲದ ಮೇಲೆ ಎದುರುಬದುರು ಎರಡು ಸಾಲು ಎಲೆ. ನಡುವಣ ಜಾಗ ಬಡಿಸುವವರ ಓಡಾಟಕ್ಕೆ ಮೀಸಲು. ಅಲ್ಲಿ ಹೂವಿಟ್ಟರೆ ಸಾರಿನ ಪಾತ್ರೆ ಹಿಡಿದು ಬಂದವನು ಎಡವಿ ಬೀಳುತ್ತಿದ್ದ! ಮದುಮಕ್ಕಳ ಎಲೆಯ ಸುತ್ತ ರಂಗೋಲಿ ಬರೆಯುತ್ತಿದ್ದರು, ಅಷ್ಟೇ. ಹೂವು ಇರುತ್ತಿದ್ದುದು ತಲೆಯ ಮೇಲೆ: ಹೆಂಗಸರ ಮುಡಿಯಲ್ಲಿ, ಮಂಟಪದ ಕಂಬದಲ್ಲಿ, ಚಪ್ಪರದ ತೋರಣದಲ್ಲಿ.

ಮೇಜಿನ ನಡುವೆ ಹೂವು ಬಂದ ಚರಿತ್ರೆಯೂ ಸ್ವಾರಸ್ಯಕರವಾದುದೇ. ಹಿಂದೆ ಫ್ರಾನ್ಸ್ ಮೊದಲಾದ ದೇಶಗಳ ಸಿರಿವಂತರ ಔತಣಗಳಲ್ಲಿ ಭಕ್ಷ್ಯಗಳನ್ನೆಲ್ಲ ಒಟ್ಟಿಗೇ ಮೇಜಿನ ತುಂಬ ಜೋಡಿಸಿಡುವುದು ರೂಢಿಯಾಗಿತ್ತು. 19ನೆಯ ಶತಮಾನದಲ್ಲಿ, ಸೇವಕರು ಒಂದಾದ ಮೇಲೊಂದರಂತೆ ತಂದು ಬಡಿಸುವ ಪದ್ಧತಿ ಯುರೋಪಿನಲ್ಲಿ ಹರಡಿತು. ಅದಕ್ಕೆ ರಷ್ಯನ್ ಪದ್ಧತಿಯೆಂದು ಹೆಸರು. ಭಕ್ಷ್ಯಗಳು ತೆರವಾದ ಮೇಜಿನ ನಡುವನ್ನು ಹೂವು ತುಂಬಿತು. ತಂದು ಬಡಿಸುವುದು ನಮ್ಮ ಪಂಕ್ತಿಯ ಕ್ರಮವೂ ಹೌದಷ್ಟೇ. ಅವರ ನಡುವೆ ಮೇಜಿತ್ತು, ನಮ್ಮ ನಡುವೆ ದಾರಿಯಿತ್ತು.

ಹಾಗೆಂದು ನಮ್ಮಲ್ಲಿ ಅಲಂಕಾರಕ್ಕೆ ಕೊರತೆಯೇನೂ ಇರಲಿಲ್ಲ. ಅಡಿಕೆ ಮರದ ಕಂಬ, ಅಡಿಕೆ ದಬ್ಬೆ, ಮೇಲೆ ಸೋಗೆ, ಬಾಗಿಲಿಗೆ ಮಾವಿನೆಲೆ. ಬಾಳೆದಿಂಡಿನಿಂದ ಮಂಟಪ. ವಧೂವರರ ಹಣೆಗೆ ಬೆಂಡಿನ ಬಾಸಿಂಗ. ಅದನ್ನು ಮಾಡಿಕೊಡುತ್ತಿದ್ದವರು ಗುಡಿಗಾರರು. ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯನ್ನು ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಮೆಚ್ಚಿ ಬರೆದಿದ್ದಾರೆ. ಗಂಧದ ಪೆಟ್ಟಿಗೆಗಳು ದೂರದೂರದ ಶ್ರೀಮಂತರ ಮನೆ ಸೇರಿದವು; ಅದೇ ಕೈಗಳು ಮಾಡಿದ ಬೆಂಡಿನ ಬಾಸಿಂಗ ಬಡವರ ಮನೆಯ ಮದುವೆಗೂ ಒದಗಿತು. ಸಾಗರ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಮುನ್ನ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಗುರಿಗೆಯ ಹಳದಿಗಳಿಂದ ಹಸೆ ಚಿತ್ತಾರ ಬರೆಯುತ್ತಿದ್ದರು. ಅವರ ಕುಂಚ ಪುಂಡಿಯ ನಾರು. ಮದುಮಕ್ಕಳು ಆ ಗೋಡೆಯ ಮುಂದೆ ಹಸೆಯ ಮೇಲೆ ಕೂರುತ್ತಿದ್ದರು. ಈ ಕಲೆ ಇಂದಿಗೂ ಉಳಿದು ಬಂದಿದೆ.

ಇವೆಲ್ಲದರ ನಡುವೆ ಎದ್ದು ಕಾಣುತ್ತಿದ್ದುದು ಹಿಂಗಾರ. ಹೊಂಬಾಳೆಯನ್ನು ಸೀಳಿದೊಡನೆ ಹೊರಬರುವ ಆ ಕೆನೆಬಣ್ಣದ ಗೊಂಚಲನ್ನು ನೀವೆಲ್ಲರೂ ಕಂಡವರೇ. ಅದಕ್ಕೊಂದು ಬೆಲೆಯಿದೆ ಎಂಬುದನ್ನು ಪೇಟೆಯಲ್ಲಿ ಬೆಳೆದ ಮಕ್ಕಳು ಅರಿಯರು. ಹಿಂಗಾರದ ಎಳೆಗಳ ತುದಿಯುದ್ದಕ್ಕೂ ಇರುವವು ಗಂಡು ಹೂಗಳು. ಬುಡದಲ್ಲಿರುವವು ಹೆಣ್ಣು ಹೂಗಳು. ಆ ಹೆಣ್ಣು ಹೂಗಳೇ ಅಡಿಕೆಯಾಗತಕ್ಕವು. ಒಂದು ಹಿಂಗಾರ ಕೊಯ್ದರೆ ಒಂದು ಕೊನೆ ಹೋಯಿತು. ಮರವೊಂದು ವರ್ಷಕ್ಕೆ ಬಿಡುವುದೇ ಮೂರು ನಾಲ್ಕು ಕೊನೆ. ಆದ್ದರಿಂದ ನಮ್ಮ ಅಜ್ಜ ಮದುವೆಗೆ ಹಿಂಗಾರವನ್ನು ಎಣಿಸಿಯೇ ಇಳಿಸುತ್ತಿದ್ದರು. ಅದು ಜಿಪುಣತನವೆಂದು ಆಗ ನಗುತ್ತಿದ್ದೆವು.

ಇನ್ನು ಸೀತಾಳೆ ದಂಡೆಯ ಮಾತು. 1962ರ ವೈಶಾಖದಲ್ಲಿ ನನ್ನ ಅಕ್ಕನ ಮದುವೆ. ನನಗೆ ಆಗ ಹದಿನಾಲ್ಕು. ಹೊಸನಗರ ತಾಲ್ಲೂಕಿನಲ್ಲಿ ಶರಾವತಿಯ ತೀರದ ನಮ್ಮ ಮನೆಯ ಹಿಂದೆ ಹಳೆಯದೊಂದು ಹಲಸಿನ ಮರವಿತ್ತು. ಮಳೆಗಾಲಕ್ಕೆ ಮುನ್ನ ಅದರ ಕೊಂಬೆಗಳಲ್ಲಿ ಸೀತಾಳೆ ಅರಳುತ್ತಿತ್ತು: ಬಿಳಿಯ ಮೇಲೆ ನೇರಳೆ ಚುಕ್ಕಿಯ ಹೂಗಳು, ನರಿಬಾಲದಂತೆ ಇಳಿಬಿದ್ದ ದಂಡೆಗಳು. ವನವಾಸದಲ್ಲಿ ಸೀತಾಮಾತೆ ಮುಡಿದ ಹೂವೆಂದು ಅಮ್ಮ ಹೇಳುತ್ತಿದ್ದಳು. ಮಂಟಪದ ತುಂಬ ಅದನ್ನೇ ತೂಗಬೇಕೆಂಬ ಹುಮ್ಮಸ್ಸಿನಿಂದ ನಾನೂ ಗೆಳೆಯರೂ ಮರವೇರಿದೆವು. ಕತ್ತಿಯಿಂದ ದಂಡೆಯನ್ನಷ್ಟೇ ಕೊಯ್ಯುವ ತಾಳ್ಮೆಯಿರಲಿಲ್ಲ, ಜಗ್ಗಿದೆವು. ಬೇರು ಸಮೇತ ಗಿಡಗಳೇ ಕಿತ್ತು ಬಂದವು. ಮಂಟಪವನ್ನು ಎಲ್ಲರೂ ಹೊಗಳಿದರು. ಅಜ್ಜ ಮಾತ್ರ ಬರಿಗೊಂಬೆಯನ್ನು ಒಮ್ಮೆ ನೋಡಿ ಒಳಗೆ ಹೋದರು. ಮರುವರ್ಷ ಆ ಮರದಲ್ಲಿ ಒಂದೇ ಒಂದು ಹೂವೂ ಕಾಣಲಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳೊಡನೆ ನಮ್ಮ ಮನೆ, ತೋಟ, ಆ ಹಲಸಿನ ಮರ ಎಲ್ಲವೂ ನೀರಿನಡಿ ಸೇರಿದವು. ಹೇಗೂ ಮುಳುಗಲಿದ್ದ ಮರ, ನಾನು ಕಿತ್ತದ್ದರಿಂದ ಆದ ನಷ್ಟವೇನು ಎಂದು ಬಹುಕಾಲ ಸಮಾಧಾನ ಹೇಳಿಕೊಂಡೆ. ಆದರೆ ನಾನು ಕಿತ್ತಾಗ ಅದು ಮುಳುಗಿರಲಿಲ್ಲ. ತಪ್ಪು ಲೆಕ್ಕಕ್ಕೆ ಆಮೇಲೆ ಸರಿಯುತ್ತರ ಬರೆದುಕೊಳ್ಳುವ ವಿದ್ಯಾರ್ಥಿಗೆ ನಾನು ಎಂದೂ ಅಂಕ ಕೊಟ್ಟವನಲ್ಲ, ನನಗೂ ಕೊಟ್ಟುಕೊಳ್ಳಲಾರೆ.

ಈಗ ಅವಳ ಲೆಕ್ಕ ನೋಡಿ. 50 ಮೇಜು, ಮೇಜಿಗೆ ನಾಲ್ಕು: 200 ದಂಡೆ. ಸೀತಾಳೆ ನಿಧಾನವಾಗಿ ಬೆಳೆಯುವ ಗಿಡ. ಒಂದರಲ್ಲಿ ಬಿಡುವುದು ಕೆಲವೇ ದಂಡೆ. ಎಷ್ಟು ಮರಗಳನ್ನು ಬರಿದು ಮಾಡಬೇಕಾದೀತು! ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬದಲ್ಲಿ ಇದೇ ಹೂವನ್ನು ಕಪೌ ಫೂಲ್ ಎಂದು ಮುಡಿಯುತ್ತಾರೆ. ಅದು ಆ ರಾಜ್ಯದ ಹೂವು. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇಡೀ ಆರ್ಕಿಡ್ ಕುಟುಂಬದ ವಿದೇಶ ವ್ಯಾಪಾರಕ್ಕೆ ನಿಯಂತ್ರಣ ಹಾಕಿದೆ. ಹಲಸಿನ ಮರದ ಹೂವಿನ ಚಿಂತೆ ಜಗತ್ತಿಗೂ ಇದೆ ಎಂದಾಯಿತು.

ಹಾಗಾದರೆ ಮೇಜೂ ಬೇಡ, ಹೂವೂ ಬೇಡವೆನ್ನಲೇ? ಇಲ್ಲ. ಹಳೆಯ ಪಂಕ್ತಿಯನ್ನು ನೆನೆದು ಬರಿದೇ ಹಂಬಲಿಸುವವನು ನಾನಲ್ಲ. ಆ ಪಂಕ್ತಿಯಲ್ಲಿ ಭೇದವಿತ್ತು. ಚಪ್ಪರ ಕಟ್ಟಿದವನ ಎಲೆ ಅಂಗಳದಾಚೆ ಬೀಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ಆಡಂಬರವನ್ನೂ ಭೇದವನ್ನೂ ದೂರವಿಟ್ಟು ಮಂತ್ರಮಾಂಗಲ್ಯವೆಂಬ ಸರಳ ವಿವಾಹಕ್ರಮವನ್ನು ರೂಪಿಸಿದರು. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನಡೆಸಿದರು. ದುಂಡು ಮೇಜಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಅಲ್ಲಿ ಎಲ್ಲರೂ ಕೂಡಿ ಕುಳಿತರೆ ಅದಕ್ಕಿಂತ ದೊಡ್ಡ ಅಲಂಕಾರ ಯಾವುದು?

ಪೇಟೆಯ ಹೂವು ಪರದೇಶದ್ದೆಂದು ಮೂಗು ಮುರಿಯುವುದೂ ಸಲ್ಲದು. ನಮ್ಮ ಅಂಗಳದ ಡೇರೆಯೂ ಚೆಂಡುಹೂವೂ ಮೆಕ್ಸಿಕೋ ಮೂಲದವು. ನನ್ನ ಆಕ್ಷೇಪ ಆ ಹೂಗಳನ್ನು ಚುಚ್ಚಿ ನಿಲ್ಲಿಸುವ ಹಸಿರು ಸ್ಪಂಜಿನ ಇಟ್ಟಿಗೆಯ ಮೇಲೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಅದು ಒಂದು ಬಗೆಯ ಪ್ಲಾಸ್ಟಿಕ್. ಒಂದು ಸಂಜೆ ನೀರು ಹಿಡಿದಿಟ್ಟು, ಆಮೇಲೆ ಪುಡಿಪುಡಿಯಾಗಿ ಮಣ್ಣಿನಲ್ಲಿ ಉಳಿಯುತ್ತದೆ. ನಮ್ಮ ಬಾಳೆದಿಂಡು ಅದೇ ಕೆಲಸವನ್ನು ಮಾಡಿ ಗೊಬ್ಬರವಾಗುತ್ತದೆ.

ಎರಡು ದಿನ ಕಳೆದು ಅವಳಿಗೆ ಹೀಗೆ ಹೇಳಿದೆ: "ಕೊನೆ ಕಡಿದ ಬಾಳೆಯ ದಿಂಡನ್ನು ಗೇಣುದ್ದ ಕತ್ತರಿಸಿ, ತಟ್ಟೆಯಂಥ ಅಡಿಕೆ ಹಾಳೆಯ ಮೇಲಿಡಿ. ಅದಕ್ಕೆ ಚೆಂಡುಹೂವು, ದಾಸವಾಳದ ಎಲೆ, ಜರಿಗಿಡದ ಎಲೆ ಚುಚ್ಚಿ. ಒಂದು ಅಡಿಗಿಂತ ಎತ್ತರ ಬೇಡ. ಎದುರಿಗೆ ಕೂತವರ ಮುಖ ಕಾಣಬೇಕು. ಸಂಪಿಗೆಯಂಥ ಗಾಢ ಪರಿಮಳದ ಹೂವು ಊಟದ ಬಳಿ ಬೇಡ, ಅದು ಮುಡಿಗಿರಲಿ. ಹಿಂಗಾರ ಮದುಮಕ್ಕಳ ಮೇಜಿಗೊಂದು, ಮಂಟಪಕ್ಕೆರಡು ಸಾಕು."

"ಸೀತಾಳೆ ದಂಡೆ, ಮೇಷ್ಟ್ರೇ?" ಎಂದಳು.

ಅಕ್ಕನ ಮದುವೆಯ ಕಥೆಯನ್ನು ಹೇಳಿದೆ. ತುಸು ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, "ನಮ್ಮ ತೋಟದ ಹಲಸಿನ ಮರದಲ್ಲಿ ಇದೆ. ಅದನ್ನೇ ಮೊದಲು ಕೊಯ್ಯಿಸೋದು ಅಂತಿದ್ದೆ. ಬೇಡ, ಅಲ್ಲೇ ಇರಲಿ. ಮದುವೆಗೆ ಬಂದ ಮಕ್ಕಳನ್ನು ಕರ್ಕೊಂಡು ಹೋಗಿ ತೋರಿಸ್ತೇನೆ. ನೀವೂ ಬರಬೇಕು" ಎಂದಳು.

ಹೋಗುತ್ತೇನೆ. ಅರವತ್ತು ವರ್ಷಗಳಿಗೂ ಮೀರಿದ ಸಾಲ, ನಿಂತು ನೋಡಿಯಾದರೂ ಬರಬೇಕು. ವಧೂವರರಿಗೆ ನನ್ನ ಆಶೀರ್ವಾದಗಳು.