ಹಿಮಾಲಯದ ಹಿಮ, ಹುಕ್ಕೇರಿಯ ಹೊಲ

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಹಿಮ ಬೀಳುವುದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಈ ಊರಿನವರು ಆಕಾಶ ನೋಡಿ ಕಾಯುವುದು ಮಿರಗದ ಮಳೆಗೆ. ಆದರೆ ಭಾರತದಲ್ಲಿ ಬೆಟ್ಟದ ಹಿಮವನ್ನು ವರ್ಷವರ್ಷವೂ ಲೆಕ್ಕವಿಟ್ಟು ನೋಡುವ ಕೆಲಸ ಶುರುವಾದದ್ದು ಇಂಥ ಬಯಲೂರುಗಳ ಹೊಲಗಳಿಗಾಗಿ. ಆ ಹಿಮದ ಮೇಲೆಯೇ ಕಾಲಿಡುವವರಿಗೆ ಮುನ್ಸೂಚನೆ ಸಿಕ್ಕಿದ್ದು ಬಹಳ ತಡವಾಗಿ.

1876ರಲ್ಲಿ ಮುಂಗಾರು ಕೈಕೊಟ್ಟಿತು. ಮೈಸೂರು ಸೀಮೆಯವರು ಸಂವತ್ಸರಗಳ ಹೆಸರಿನಲ್ಲಿ ಧಾತು–ಈಶ್ವರ ಬರ ಎಂದು ನೆನೆಯುವ ಆ ಕ್ಷಾಮ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಹಿಂಡಿತು. ಭಾರತ ಹವಾಮಾನ ಇಲಾಖೆ ಹುಟ್ಟಿ ಆಗಿನ್ನೂ ಒಂದು ವರ್ಷ. ಬರವನ್ನು ಮೊದಲೇ ಹೇಳಬಹುದೇ ಎಂಬ ಪ್ರಶ್ನೆ ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಅವರ ಮುಂದೆ ಬಂತು. ಅವರು ತಿರುಗಿ ನೋಡಿದ್ದು ಉತ್ತರದ ಬೆಟ್ಟಗಳತ್ತ. ಹಿಮಾಲಯದಲ್ಲಿ ಹಿಮ ಮಿತಿಮೀರಿ ಬಿದ್ದು ಬೇಸಿಗೆಯವರೆಗೂ ಉಳಿದರೆ, ಬಿಸಿಲಿನ ಶಾಖವೆಲ್ಲ ಅದನ್ನು ಕರಗಿಸುವುದಕ್ಕೇ ಖರ್ಚಾಗುತ್ತದೆ; ನೆಲ ಕಾಯುವುದಿಲ್ಲ, ಒಣಗಾಳಿ ಬೀಸುತ್ತದೆ, ಮುಂಗಾರು ಸೊರಗುತ್ತದೆ. 1884ರಲ್ಲಿ ಅವರು ಈ ವಾದ ಪ್ರಕಟಿಸಿದರು. 1886ರಿಂದ ಇಲಾಖೆ ಪ್ರತಿವರ್ಷ ಮುಂಗಾರಿನ ಮುನ್ಸೂಚನೆ ಕೊಡತೊಡಗಿತು. ಕಾಶ್ಮೀರದ ಹಿಮ ನೋಡಿ ಬೆಳಗಾವಿಯ ಜೋಳದ ಭವಿಷ್ಯ ಹೇಳುವ ಧೈರ್ಯ ಅದು! ಹೊಲದ ಹಿಂದೆ ಕಂದಾಯದ ಲೆಕ್ಕವೂ ಇತ್ತೆನ್ನಿ.

ಲೆಕ್ಕ ಯಾವಾಗಲೂ ಕೂಡಿಬರಲಿಲ್ಲ. 1899ರಲ್ಲಿ ಒಳ್ಳೆಯ ಮಳೆಯೆಂದು ಹೇಳಿದ ವರ್ಷವೇ ಘೋರ ಬರ ಬಂತು. ಮುಂದೆ ಗಿಲ್ಬರ್ಟ್ ವಾಕರ್ ಹಿಮದ ಜೊತೆಗೆ ಮಾರಿಷಸ್ಸಿನ ವಾಯುಭಾರ, ಜಾಂಜಿಬಾರಿನ ಮಳೆಯನ್ನೂ ಸೂತ್ರಕ್ಕೆ ಸೇರಿಸಿದರು. ಆದರೂ ಅಷ್ಟೂ ಕಾಲ ಹಿಮವೆಂದರೆ ದೂರದ ಬಯಲಿಗೆ ಬರುವ ಮಳೆಯ ಸುಳಿವು ಅಷ್ಟೇ. 1927ರಲ್ಲಿ ಬ್ರಿಟಿಷ್ ಅಧಿಕಾರಿಗಳು ಗುಲ್ಮಾರ್ಗಿನಲ್ಲಿ ಸ್ಕೀ ಕ್ಲಬ್ ಕಟ್ಟಿದರು. ಯಾವ ಇಳಿಜಾರು ಇವತ್ತು ಜಾರೀತು ಎಂದು ಹೇಳುವ ಸಂಸ್ಥೆ ದೇಶದಲ್ಲಿ ಹುಟ್ಟಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಅದಕ್ಕೆ ಯುದ್ಧ ಬರಬೇಕಾಯಿತು. 1962ರ ನಂತರ ಸೈನ್ಯ ಚಳಿಗಾಲದಲ್ಲೂ ಎತ್ತರದಲ್ಲೇ ಉಳಿಯಿತು. 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನ ಸಂಸ್ಥೆ ಶುರುವಾಯಿತು. ಸ್ವಿಟ್ಜರ್ಲೆಂಡಿನಲ್ಲೂ ಕಥೆ ಹೀಗೇ ಇದೆ: ಯುದ್ಧಕಾಲದಲ್ಲಿ ಸೈನ್ಯ ನಡೆಸುತ್ತಿದ್ದ ಎಚ್ಚರಿಕೆಯ ಕೆಲಸವನ್ನು 1945ರಲ್ಲಿ ದಾವೋಸಿನ ಸಂಸ್ಥೆ ವಹಿಸಿಕೊಂಡಿತು. ಮನಾಲಿಯ ಸಂಸ್ಥೆ 2020ರಲ್ಲಿ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿ ಡಿಜಿಆರ್‌ಇ ಆಯಿತು. ಚಳಿಗಾಲದ ಸುದ್ದಿಗಳಲ್ಲಿ ಬರುವ 'ಇಂಥ ಜಿಲ್ಲೆಯಲ್ಲಿ ಇಷ್ಟು ಮೀಟರಿಗಿಂತ ಮೇಲೆ ಮುಂದಿನ 24 ಗಂಟೆ ಅಪಾಯ' ಎಂಬ ಸಾಲು ಅದರದ್ದೇ.

ಆ ಸಾಲಿನ ಹಿಂದಿನ ಕೆಲಸ ಸ್ವಾರಸ್ಯವಾದದ್ದು. ಮೆಡಿಟರೇನಿಯನ್ ಕಡೆಯಿಂದ ಹೊರಟ ಪಶ್ಚಿಮದ ಕ್ಷೋಭೆ ಯಾವಾಗ ಬಂದು ಮುಟ್ಟುತ್ತದೆ, ಎಷ್ಟು ಹೊಸ ಹಿಮ ಸುರಿಸುತ್ತದೆ ಎಂಬುದು ಹವಾಮಾನದ ಅರ್ಧ. ಉಳಿದರ್ಧ ನೆಲದಲ್ಲಿದೆ. ಗುಂಡಿ ತೋಡಿ ನೋಡಿದರೆ ಹಿಮ ಪದರಪದರವಾಗಿ ಕಾಣುತ್ತದೆ. ಕೆಳಗೆಲ್ಲೋ ಸಕ್ಕರೆ ಹರಳಿನಂಥ ಸಡಿಲ ಪದರವೊಂದಿದ್ದು, ಗಾಳಿ ಮೇಲೆ ಹೊಸ ಹೊರೆ ತಂದಿಟ್ಟಿದ್ದರೆ, 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬ ಸ್ಕೀಯರನ ಭಾರವೇ ಸಾಕು. ಮುನ್ಸೂಚನೆ ಜಿಲ್ಲೆಯ ಮಾತಾಡುತ್ತದೆ, ಕುಸಿಯುವುದು ಒಂದು ಇಳಿಜಾರು. 2024ರ ಫೆಬ್ರವರಿ 22ರಂದು ಗುಲ್ಮಾರ್ಗಿನ ಮೇಲಿನ ಇಳಿಜಾರಿನಲ್ಲಿ ರಷ್ಯಾದ ಸ್ಕೀಯರ್ ಒಬ್ಬ ಸತ್ತ. ಅವನ ಗುಂಪು ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹೋಗಿತ್ತು. ಹೂತುಹೋದವರನ್ನು ಕಾಲು ಗಂಟೆಯೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಆಮೇಲೆ ಆ ಆಸೆ ಸರ್ರನೆ ಇಳಿಯುತ್ತದೆ.

ಹಾಗಿರುವಾಗ ಹನುಮಂತಪ್ಪ ಕೊಪ್ಪದ ಆರು ದಿನ ಉಸಿರು ಹಿಡಿದಿದ್ದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಈ ಲ್ಯಾನ್ಸ್ ನಾಯಕ್ 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಒಂಬತ್ತು ಸಂಗಾತಿಗಳೊಂದಿಗೆ ಹೂತುಹೋದರು. 8ರಂದು ಜೀವಂತ ಸಿಕ್ಕರು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಸತ್ತ ಹತ್ತು ಜನರಲ್ಲಿ ಮೂವರು ಕನ್ನಡ ನಾಡಿನವರು.

ಆಗ ಕನ್ನಡದ ಪತ್ರಿಕೆಗಳು ಹೆಚ್ಚಾಗಿ ಬರೆದದ್ದು 'ಹಿಮಪಾತ' ಎಂದು. ಮೇಲಿಂದ ಮೆಲ್ಲಗೆ ಉದುರುವ ಹಿಮಕ್ಕೂ ನಾವು ಹೇಳುವುದು ಅದನ್ನೇ. ಬೆಟ್ಟವೇ ಮೈಮೇಲೆ ಬಂದದ್ದಕ್ಕೆ ಬೇರೆ ಪದ ನಮಗೆ ಬೇಕಾಗಿರಲಿಲ್ಲ. ನಾನು ಇಲ್ಲಿ ಹಿಮಕುಸಿತ ಎಂದದ್ದು ಅದಕ್ಕಾಗಿ. ಸೋನಮ್‌ನಲ್ಲಿ ಬಿದ್ದದ್ದು ಹೊಸ ಹಿಮವೂ ಅಲ್ಲ, ನೀರ್ಗಲ್ಲಿನ ದೊಡ್ಡ ಗೋಡೆ. ಹೊಸ ಹಿಮದ ದಪ್ಪ, ಗಾಳಿ, ಪದರಗಳನ್ನು ನೋಡಿ ಹೇಳುವ ಮುನ್ಸೂಚನೆ ಇಂಥ ಗೋಡೆ ಯಾವ ದಿನ ಒಡೆಯುತ್ತದೆಂದು ಹೇಳಲಾರದು. ಅದನ್ನು ಹೊತ್ತು ಸಮೇತ ಹೇಳುವ ಸೂತ್ರ ಇನ್ನೂ ಸಿಕ್ಕಿಲ್ಲ.