ಯಶವಂತಪುರದಲ್ಲಿ ರೋಮಿನ ಬೆಳ್ಳಿ, ಕೋಲಾರದಲ್ಲಿ ಚಿನ್ನ

1891ರಲ್ಲಿ ಯಶವಂತಪುರದ ಬಳಿ ರೈಲು ಹಳಿಗಾಗಿ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳ ಮೇಲೆ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಮುಖಗಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇಂಥ ನಾಣ್ಯಗಳು ದೊರೆತಿವೆ. ಕರಾವಳಿಯಿಂದ ಇಷ್ಟು ಒಳನಾಡಿಗೆ ಅವು ಬಂದು ತಲುಪಿದ್ದು ನಿಜಕ್ಕೂ ಬೆರಗಿನ ಸಂಗತಿ.

ಮೆಣಸು, ಮುತ್ತು, ನಯವಾದ ಬಟ್ಟೆಗಾಗಿ ರೋಮನ್ನರು ಕೈಬಿಚ್ಚಿ ಖರ್ಚು ಮಾಡುತ್ತಿದ್ದರು. ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹಣ ಸೆಳೆದುಕೊಳ್ಳುತ್ತಿದೆ ಎಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ದೂರಿದ. ಇಂದು ಅದೇ ಚಿಂತೆ ನಮ್ಮದು: ಹೊರಗಿನಿಂದ ತರಿಸುವ ಚಿನ್ನ ದೇಶದ ವ್ಯಾಪಾರ ಕೊರತೆಯನ್ನು ಹಿಗ್ಗಿಸುತ್ತದೆ.

ರೋಮಿನ ಹಣ ಇಲ್ಲಿಗೆ ಬಂದಿತೆಂದು, ಆಗಲೇ ಕೋಲಾರದ ಚಿನ್ನ ರೋಮಿಗೆ ಹೋಯಿತು ಎನ್ನುವ ಆತುರ ಬೇಡ.

ಕೋಲಾರದ ಚಿನ್ನದ ಗಣಿ ಪ್ರದೇಶವಾದ ಚಾಂಪಿಯನ್ ರೀಫ್‌ನ ಪ್ರಾಚೀನ ಗಣಿಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳನ್ನು ರೇಡಿಯೊಕಾರ್ಬನ್ ಪರೀಕ್ಷೆಗೆ ಒಳಪಡಿಸಿದಾಗ ತಿಳಿದುಬಂದದ್ದು ಸುಮಾರು ಕ್ರಿ.ಶ. 5ನೇ ಶತಮಾನ ಮತ್ತು ಅದರ ನಂತರದ ಕಾಲ. ಯಶವಂತಪುರದ ನಾಣ್ಯಗಳು ಅದಕ್ಕಿಂತ ನಾಲ್ಕು ಶತಮಾನಗಳಷ್ಟು ಹಳೆಯವು. ಆ ಗಣಿಗಳು ಗಂಗ ಅರಸರ ಕಾಲಕ್ಕೆ ಹತ್ತಿರ. ಅವರ ಮೊದಲ ರಾಜಧಾನಿ ಕುವಲಾಲಪುರವೇ ಇಂದಿನ ಕೋಲಾರ. ಯಂತ್ರಗಳಿಲ್ಲದೆ ಬಂಡೆ ಸೀಳಿದ ಆ ಗಣಿಗಾರರ ಹೆಸರು ಯಾವ ನಾಣ್ಯದ ಮೇಲೂ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಬಂದ ಬ್ರಿಟಿಷ್ ಕಂಪನಿಗಳು ಅವರ ಹಳೆಯ ಗುಂಡಿಗಳ ಜಾಡು ಹಿಡಿದೇ ಕೆಳಗಿಳಿದವು. ಕೋಲಾರದ ಈ ಚಿನ್ನದ ಗಣಿ (ಕೆಜಿಎಫ್) ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ, 2001ರಲ್ಲಿ ಮುಚ್ಚಿತು.